ಹಾಸಿಗೆಯ ಪಕ್ಕ ನಿಂತ ಮೇಷ್ಟ್ರು: ಡಾ. ವಿಲಿಯಂ ಆಸ್ಲರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಫೋನ್ ಮಾಡಿದಾಗ ಹಳೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡೆ. ಆದರೆ ಬೆಳಗಿನ ಸ್ಪೆಷಲ್ ಕ್ಲಾಸು, ಹಿಂದಿನ ಹುಣಸೆ ಮರ, ಕಬಡ್ಡಿ ಅಂಕಣ ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವ ಹಿರಿಯ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಡಾಕ್ಟರರ ಬಗ್ಗೆ ಬರೆಯುತ್ತಿದ್ದೇನೆ. ಬಿ.ಇ. ಓದಿದವನಿಗೆ ಡಾಕ್ಟರರ ಕಥೆ ಯಾಕೆ ಎಂದು ಯಾರಾದರೂ ಕೇಳಿಯಾರು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಹಿಂದೆ ಕೆಲಸದಲ್ಲಿದ್ದ ಕಂಪನಿ ವೈದ್ಯಕೀಯ ಕಾಲೇಜುಗಳಿಗೆ ಒಂದು ಆ್ಯಪ್ ಮಾಡಿಕೊಡುತ್ತಿತ್ತು. 2019ರಿಂದ ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಗಿದೆ. ವಿದ್ಯಾರ್ಥಿಗೆ ಎಷ್ಟು ಗೊತ್ತು ಎಂಬುದರ ಜೊತೆಗೆ ಅವನ ಕೈಗೆ ಏನು ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಿಯುವವನು ಕೆಲಸ ಮಾಡುವುದನ್ನು ಮೇಲಿನವರು ನೋಡಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಆ ಲಾಗ್‌ಬುಕ್ಕನ್ನು ನಾವು ಮೊಬೈಲಿಗೆ ತಂದಿದ್ದೆವು. ಪ್ರತಿಯೊಂದು ಕೆಲಸದ ಮುಂದೆಯೂ, ನೋಡಿದ್ದೇನೆ ಎಂದು ಒಪ್ಪಿಗೆ ಕೊಡಲು ಒಂದು ಬಟನ್. ದಿನಕ್ಕೆ ಅಷ್ಟೊಂದು ಸಲ ಒತ್ತಲು ಪುರುಸೊತ್ತಿಲ್ಲ, ಎಲ್ಲಕ್ಕೂ ಸೇರಿಸಿ ಒಂದೇ ಬಟನ್ ಮಾಡಿಕೊಡಿ ಎಂದು ಬೇಡಿಕೆ ಬಂತು. ಎರಡು ದಿನದಲ್ಲಿ ಮಾಡಿಕೊಟ್ಟೆ. ಮೀಟಿಂಗಿನಲ್ಲಿ ಚಪ್ಪಾಳೆಯೂ ಬಿತ್ತು. ಕೆಲವು ತಿಂಗಳ ಮೇಲೆ ಇನ್ಯಾವುದೋ ದೋಷ ಹುಡುಕುತ್ತ ದಾಖಲೆ ತೆರೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ, ಒಂದೇ ನಿಮಿಷದಲ್ಲಿ, ಒಬ್ಬರೇ ನೂರಕ್ಕೂ ಹೆಚ್ಚು ಕೆಲಸಗಳನ್ನು ನೋಡಿ ಮುಗಿಸಿದ್ದರು.

ಅದೇ ವರ್ಷ ಅಪ್ಪನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಕ್ತ ತೆಗೆಯಲು ಬಂದವನು ಹೌಸ್ ಸರ್ಜನ್, ಚಿಕ್ಕ ಹುಡುಗ. ಬಲಗೈಯಲ್ಲಿ ಎರಡು ಸಲ, ಎಡಗೈಯಲ್ಲಿ ಒಂದು ಸಲ ಚುಚ್ಚಿದ. ನರ ಸಿಗಲಿಲ್ಲ. ಹಣೆಯ ಮೇಲೆ ಬೆವರು. ಅವನ ಹಿಂದೆ ನೋಡುವವರು ಯಾರೂ ಇರಲಿಲ್ಲ. ಕೊನೆಗೆ ಅಪ್ಪನೇ ಅವನಿಗೆ ಸಮಾಧಾನ ಹೇಳಿ ಮತ್ತೊಂದು ಸಲ ತೋಳು ಚಾಚಿದರು. ನನಗೆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನ ಲಾಗ್‌ಬುಕ್ಕಿನಲ್ಲಿ ಈ ಕೆಲಸದ ಮುಂದೆ ಸಹಿ ಬಿದ್ದಿರಬೇಕಲ್ಲ, ಅದು ಯಾವ ಬಟನ್ನಿನಿಂದ ಬಿದ್ದಿದ್ದೀತು ಎಂಬ ಯೋಚನೆ ಮಾತ್ರ ತಲೆಯಿಂದ ಹೋಗಲಿಲ್ಲ.

ನಮ್ಮ ಬ್ಯಾಚಿನಲ್ಲೇ ಓದಿ ಡಾಕ್ಟರಾಗಿರುವ ಗೆಳೆಯನೊಬ್ಬನ ಹತ್ತಿರ ಇದನ್ನು ಹೇಳಿಕೊಂಡೆ. ಅವನು ಆಸ್ಲರ್ ಹೆಸರು ಹೇಳಿದ. ಇಂಗ್ಲಿಷ್ ವೈದ್ಯಕೀಯ ಪುಸ್ತಕಗಳಲ್ಲಿ ಬಹಳ ದೊಡ್ಡ ಹೆಸರಂತೆ, ನಾನು ಕೇಳಿರಲಿಲ್ಲ. ಓದಿದ ಮೇಲೆ ನಮ್ಮ ಶಾಲೆಯವರಿಗೂ ಹೇಳಬೇಕೆನಿಸಿತು.

ವಿಲಿಯಂ ಆಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಕೆನಡಾದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ. ತಂದೆ ಫೆದರ್‌ಸ್ಟೋನ್ ಆಸ್ಲರ್ ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿದ್ದು ಆಮೇಲೆ ಪಾದ್ರಿಯಾದವರು. ಕಾಡು ಕಡಿದು ಹೊಸದಾಗಿ ಊರು ಕಟ್ಟುತ್ತಿದ್ದ ಜನರ ನಡುವೆ ಅವರ ಸೇವೆ. ತಾಯಿ ಎಲೆನ್ ನೂರು ವರ್ಷ ಬಾಳಿದರು. ದೊಡ್ಡ ಸಂಸಾರ, ವಿಲಿಯಂ ಗಂಡುಮಕ್ಕಳಲ್ಲಿ ಕೊನೆಯವನು. ಮನೆಯವರು ಅವನೂ ಪಾದ್ರಿಯಾಗಲಿ ಎಂದುಕೊಂಡಿದ್ದರು.

ಹುಡುಗ ಮಾತ್ರ ಮಹಾ ತುಂಟ. ಡಂಡಸ್ ಎಂಬ ಊರಿನ ಶಾಲೆಯಲ್ಲಿ ಬಾಗಿಲಿನ ಬೀಗದ ಕಿಂಡಿಯಿಂದ ಹೆಡ್‌ಮಾಸ್ತರರನ್ನು ಬೈದನೆಂದು ಹೊರಗೆ ಹಾಕಿದರು. ಮುಂದೆ ವೆಸ್ಟನ್ ಎಂಬಲ್ಲಿಯ ಶಾಲೆಗೆ ಸೇರಿ, ಅಲ್ಲಿ ಹಿರಿಯ ವಿದ್ಯಾರ್ಥಿ ನಾಯಕನಾದ. ಆದರೂ ಬುದ್ಧಿ ಬಿಡಲಿಲ್ಲ. ಹುಡುಗರೆಲ್ಲ ಸೇರಿ ಹಾಸ್ಟೆಲಿನ ಮೇಲ್ವಿಚಾರಕಿಯ ಕೋಣೆಗೆ ಘಾಟು ಹೊಗೆ ಹಾಕಿದ ಪ್ರಕರಣದಲ್ಲಿ ಟೊರಾಂಟೊದ ಜೈಲಿನಲ್ಲಿ ಕೆಲವು ದಿನ ಕಳೆದದ್ದೂ ಆಯಿತು. ಇಂಥವನು ಮುಂದೆ ಏನಾದಾನು ಎಂದು ಆ ಊರಿನವರೂ ತಲೆ ಚಚ್ಚಿಕೊಂಡಿರಬೇಕು.

ವೆಸ್ಟನ್ ಶಾಲೆಯನ್ನು ಕಟ್ಟಿದವರು ವಿಲಿಯಂ ಆರ್ಥರ್ ಜಾನ್ಸನ್ ಎಂಬ ಪಾದ್ರಿ. ಅವರಿಗೆ ಪ್ರಕೃತಿಶಾಸ್ತ್ರದ ಹುಚ್ಚು. ಮಕ್ಕಳನ್ನು ಹಳ್ಳ ಕೊಳ್ಳಗಳಿಗೆ ಕರೆದುಕೊಂಡು ಹೋಗಿ, ನೀರು ತುಂಬಿಸಿ ತಂದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸುತ್ತಿದ್ದರು. ಹಳೆಯ ಕಲ್ಲಿನಲ್ಲಿ ಹುದುಗಿದ ಜೀವಿಗಳ ಅಚ್ಚು ಹುಡುಕಿಸುತ್ತಿದ್ದರು. ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಿನಿಂದ ನೋಡುವ ಅಭ್ಯಾಸ ಆ ಹುಡುಗನಿಗೆ ಹತ್ತಿದ್ದು ಅಲ್ಲಿ. ನಮ್ಮ ಶಾಲೆಯಲ್ಲೂ ಪ್ರಯೋಗಾಲಯದ ಬೀರುವಿನಲ್ಲಿ ಒಂದೇ ಸೂಕ್ಷ್ಮದರ್ಶಕವಿತ್ತು. ವಿಜ್ಞಾನದ ಮೇಷ್ಟ್ರು ಈರುಳ್ಳಿ ಸಿಪ್ಪೆ ಇಟ್ಟು, ಸಾಲು ನಿಲ್ಲಿಸಿ, ಒಬ್ಬೊಬ್ಬರ ಕೈಯಲ್ಲೂ ಆ ತಿರುಗಣೆ ತಿರುಗಿಸಿ ಸರಿಮಾಡಿಸುವ ತನಕ ಬಿಡುತ್ತಿರಲಿಲ್ಲ. ನಮ್ಮ ಬ್ಯಾಚಿನವರಿಗೆ ನೆನಪಿರುತ್ತದೆ.

ವಿಲಿಯಂ ಪಾದ್ರಿಯಾಗಲೆಂದೇ ಟೊರಾಂಟೊದ ಟ್ರಿನಿಟಿ ಕಾಲೇಜಿಗೆ ಸೇರಿದ. ಒಂದು ವರ್ಷದಲ್ಲಿ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ಅಲ್ಲಿ ಜೇಮ್ಸ್ ಬೊವೆಲ್ ಎಂಬ ಗುರು ತಮ್ಮ ಮನೆಯ ಪುಸ್ತಕದ ಕಪಾಟುಗಳನ್ನೇ ಅವನಿಗೆ ಬಿಟ್ಟುಕೊಟ್ಟರು. 1870ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಹೋದ. ಮಾಂಟ್ರಿಯಲ್ ಜನರಲ್ ಆಸ್ಪತ್ರೆ ಇಲಿ ಓಡಾಡುತ್ತಿದ್ದ ಹಳೆಯ ಕಟ್ಟಡ. ಆದರೆ ಎಡಿನ್‌ಬರೋ ಪದ್ಧತಿಯನ್ನು ಅನುಸರಿಸುತ್ತಿದ್ದ ಅಲ್ಲಿ ವಿದ್ಯಾರ್ಥಿಗಳಿಗೆ ವಾರ್ಡಿನ ಬಾಗಿಲು ತೆರೆದಿತ್ತು. ಪಾಮರ್ ಹೊವಾರ್ಡ್ ಎಂಬ ಮೂರನೆಯ ಗುರು ಸಿಕ್ಕಿದ್ದು ಅಲ್ಲೇ. 1872ರಲ್ಲಿ ಪದವಿ ಪಡೆದು ಎರಡು ವರ್ಷ ಲಂಡನ್, ಬರ್ಲಿನ್, ವಿಯೆನ್ನಾ ಸುತ್ತಿ ಬಂದರು. ಲಂಡನ್ನಿನಲ್ಲಿದ್ದಾಗ ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿ ವಿವರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಡೆಂಗಿ ಬಂದಾಗ ನಾವೆಲ್ಲ ಎಣಿಸುತ್ತ ಕೂರುತ್ತೇವಲ್ಲ, ಅದೇ ಪ್ಲೇಟ್‌ಲೆಟ್.

1874ರಲ್ಲಿ ಮೆಕ್‌ಗಿಲ್‌ಗೆ ಉಪನ್ಯಾಸಕರಾಗಿ ಮರಳಿದಾಗ ಆಸ್ಲರ್‌ಗೆ ಇಪ್ಪತ್ತೈದು ವರ್ಷ. ಉಪನ್ಯಾಸ ಕೊಡುವುದು ಅವರಿಗೆ ಹಿಂಸೆ. ಅವರು ಖುಷಿಯಾಗಿರುತ್ತಿದ್ದದ್ದು ಶವಪರೀಕ್ಷೆಯ ಕೋಣೆಯಲ್ಲಿ, ಆಮೇಲೆ ವಾರ್ಡಿನಲ್ಲಿ. ಆ ಊರಿನಲ್ಲಿ ಮಾಡಿದ ಶವಪರೀಕ್ಷೆಗಳೇ ನೂರಾರು. ಬದುಕಿದ್ದಾಗ ಡಾಕ್ಟರು ಹೇಳಿದ್ದು ಸರಿಯೋ ತಪ್ಪೋ ಎಂಬುದು ಅಲ್ಲಿ ಬಯಲಾಗುತ್ತದೆ. ಸಿಡುಬಿನ ವಾರ್ಡಿನ ಕೆಲಸವನ್ನೂ ಒಪ್ಪಿಕೊಂಡರು. ಅದಕ್ಕೆ ಸಿಕ್ಕ ಆರು ನೂರು ಡಾಲರ್ ಸಂಬಳವನ್ನು ತಮಗಾಗಿ ಇಟ್ಟುಕೊಳ್ಳದೆ ವಿದ್ಯಾರ್ಥಿಗಳಿಗಾಗಿ ಸೂಕ್ಷ್ಮದರ್ಶಕಗಳನ್ನು ತರಿಸಿದರು. ಅದೇ ವಾರ್ಡಿನಿಂದ ಅವರಿಗೂ ಸಿಡುಬು ಅಂಟಿತು, ಪುಣ್ಯಕ್ಕೆ ಸೌಮ್ಯವಾಗಿ ಬಂದು ಹೋಯಿತು.

1884ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಕರೆ ಬಂತು. ಹೋಗಬೇಕೋ ಬೇಡವೋ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ. ಅಲ್ಲಿನ ಹುಡುಗರು ಗಂಟಲು ಏರಿಸಿ ಇಳಿಸಿ ಭಾಷಣ ಮಾಡುವ ಪ್ರಾಧ್ಯಾಪಕರಿಗೆ ಒಗ್ಗಿದ್ದವರು. ಈ ಹೊಸಬರು ಮೇಜಿನ ಅಂಚಿಗೆ ಕೂತು ತಡವರಿಸುತ್ತ ಮಾತಾಡುವುದನ್ನು ಕಂಡು ಮೊದಲಿಗೆ ನಿರಾಸೆಪಟ್ಟರು. ಅವರನ್ನು ವಾರ್ಡಿಗೆ ಕರೆದುಕೊಂಡು ಹೋದ ಮೇಲೆ ಆ ನಿರಾಸೆ ಉಳಿಯಲಿಲ್ಲ. ಮಲೇರಿಯಾ ವಿಷಯದಲ್ಲಿ ನಡೆದದ್ದು ನನಗೆ ಬಹಳ ಹಿಡಿಸಿತು. ಲಾವೆರಾನ್ ಎಂಬ ಫ್ರೆಂಚ್ ವೈದ್ಯ ರೋಗಿಯ ರಕ್ತದಲ್ಲೇ ಮಲೇರಿಯಾದ ಪರಾವಲಂಬಿ ಇದೆ ಎಂದಾಗ ಆಸ್ಲರ್ ನಂಬಿರಲಿಲ್ಲ. 1886ರಲ್ಲಿ ತಾವೇ ರೋಗಿಗಳ ರಕ್ತ ತೆಗೆದು ನೋಡಿ, ತಮ್ಮದೇ ತಪ್ಪು ಎಂದು ಒಪ್ಪಿ ಪ್ರಕಟಿಸಿದರು.

ಆ ಕಾಲದ ಅಮೆರಿಕದಲ್ಲಿ ಡಾಕ್ಟರಾಗುವುದು ಹೇಗಿತ್ತೆಂದು ಇಲ್ಲಿ ಹೇಳಬೇಕು. ಎಷ್ಟೋ ಕಾಲೇಜುಗಳು ಫೀಸಿನ ಹಣಕ್ಕಾಗಿಯೇ ನಡೆಯುತ್ತಿದ್ದವು. ದೊಡ್ಡ ಕೋಣೆಯಲ್ಲಿ ನೂರಾರು ಜನ ಕೂತು ಉಪನ್ಯಾಸ ಕೇಳುವುದು, ದೂರದಿಂದ ಒಂದೆರಡು ರೋಗಿಗಳನ್ನು ನೋಡುವುದು, ಪರೀಕ್ಷೆ ಬರೆದು ಹೊರಗೆ ಬರುವುದು. ಒಬ್ಬ ರೋಗಿಯ ಮೈಯನ್ನೂ ಸ್ವಂತ ಕೈಯಿಂದ ಪರೀಕ್ಷಿಸದೆ ಡಾಕ್ಟರ್ ಬೋರ್ಡು ಹಾಕಿಕೊಂಡವರಿದ್ದರು. ಮೊದಲ ಪರೀಕ್ಷೆ ಹಳ್ಳಿಗೆ ಹೋದ ಮೇಲೆ, ನಮ್ಮಂಥವರ ಅಪ್ಪ ಅಮ್ಮಂದಿರ ಮೇಲೆ.

ಬಾಲ್ಟಿಮೋರ್ ಪಟ್ಟಣದಲ್ಲಿ ಜಾನ್ಸ್ ಹಾಪ್ಕಿನ್ಸ್ ಎಂಬ ವ್ಯಾಪಾರಿ ಬಿಟ್ಟುಹೋಗಿದ್ದ ಏಳು ಮಿಲಿಯನ್ ಡಾಲರಿನಿಂದ ಒಂದು ವಿಶ್ವವಿದ್ಯಾಲಯವೂ ಆಸ್ಪತ್ರೆಯೂ ಎದ್ದವು. 1889ರಲ್ಲಿ ಆಸ್ಪತ್ರೆ ತೆರೆದಾಗ ಮುಖ್ಯ ವೈದ್ಯರಾಗಿ ಹೋದವರು ಆಸ್ಲರ್. ವೈದ್ಯಕೀಯ ಕಾಲೇಜು ತೆರೆಯಲು ಮಾತ್ರ ದುಡ್ಡು ಸಾಲದೆ ನಿಂತಿತ್ತು. ಮೇರಿ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ಮೂರು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು, ಕೊಡುವಾಗ ಷರತ್ತು ಹಾಕಿದರು. ಹೆಂಗಸರನ್ನೂ ಗಂಡಸರ ಸಮನಾಗಿ ಸೇರಿಸಿಕೊಳ್ಳಬೇಕು, ಮೊದಲೇ ಪದವಿ ಮುಗಿಸಿದವರಿಗಷ್ಟೇ ಪ್ರವೇಶ. ಈ ಷರತ್ತು ನೋಡಿ ಆಸ್ಲರ್ ತಮ್ಮ ಜೊತೆಯ ಪ್ರಾಧ್ಯಾಪಕ ವೆಲ್ಚ್‌ಗೆ ತಮಾಷೆ ಮಾಡಿದ್ದುಂಟು: ತಾವಿಬ್ಬರೂ ಪ್ರಾಧ್ಯಾಪಕರಾಗಿ ಒಳಗೆ ಬಂದದ್ದೇ ಒಳ್ಳೆಯದಾಯಿತು, ವಿದ್ಯಾರ್ಥಿಗಳಾಗಿ ಬಂದಿದ್ದರೆ ಸೀಟು ಸಿಗುತ್ತಿರಲಿಲ್ಲ ಎಂದು. 1893ರಲ್ಲಿ ಸೇರಿದ ಮೊದಲ ತಂಡದಲ್ಲಿ 18 ಜನ, ಅವರಲ್ಲಿ ಮೂವರು ಹೆಂಗಸರು.

ಆಸ್ಲರ್ ತಮ್ಮ ಇಡೀ ಬಾಳಿನಲ್ಲಿ ಅತಿ ಮುಖ್ಯವೆಂದು ಎಣಿಸಿದ ಕೆಲಸ ಇಲ್ಲಿ ಶುರುವಾಯಿತು. ಮೂರನೆಯ ವರ್ಷದ ವಿದ್ಯಾರ್ಥಿಗಳು ಹೊರರೋಗಿಗಳ ವಿಭಾಗದಲ್ಲಿ ಹೊಸ ರೋಗಿಗಳನ್ನು ನೋಡಬೇಕು. ನಾಲ್ಕನೆಯ ವರ್ಷದವರಿಗೆ ವಾರ್ಡಿನಲ್ಲೇ ಕೆಲಸ. ಒಬ್ಬೊಬ್ಬರಿಗೆ ಕೆಲವು ಹಾಸಿಗೆಗಳ ಜವಾಬ್ದಾರಿ. ಅವರಿಗೆ ಕ್ಲಿನಿಕಲ್ ಕ್ಲರ್ಕ್ ಎಂದು ಹೆಸರು. ರೋಗಿ ಬಂದ ಕೂಡಲೇ ಅವನ ಕಥೆ ಕೇಳಿ ಬರೆದುಕೊಳ್ಳುವುದು, ಮೈ ಪರೀಕ್ಷಿಸುವುದು, ರಕ್ತ ಮೂತ್ರ ಕಫಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ದಿನದಿನದ ಬದಲಾವಣೆ ದಾಖಲಿಸುವುದು ಎಲ್ಲ ಅವರ ಪಾಲಿನದು. ಬೆಳಿಗ್ಗೆ ಒಂಬತ್ತಕ್ಕೆ ಆಸ್ಲರ್ ಬರುತ್ತಿದ್ದರು. ಹಿಂದೆ ಕಿರಿಯ ವೈದ್ಯರು, ನರ್ಸ್‌ಗಳು, ವಿದ್ಯಾರ್ಥಿಗಳ ಒಂದು ಮೆರವಣಿಗೆ. ಹಾಸಿಗೆಯ ಪಕ್ಕ ನಿಂತು ಆ ಹಾಸಿಗೆಯ ಕ್ಲರ್ಕು ತಾನು ಕಂಡದ್ದನ್ನು ಹೇಳಬೇಕು.

ಹೇಳಿದರೆ ಮುಗಿಯುತ್ತಿರಲಿಲ್ಲ, ತೋರಿಸಬೇಕಿತ್ತು. ಪರೀಕ್ಷೆಗೆ ಒಂದು ಕ್ರಮ ಇತ್ತು. ಮೊದಲು ಕಣ್ಣಿನಿಂದ ನೋಡುವುದು, ಆಮೇಲೆ ಮುಟ್ಟುವುದು, ಆಮೇಲೆ ಬೆರಳಿನಿಂದ ತಟ್ಟುವುದು, ಕೊನೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು. ಅವಸರದಲ್ಲಿ ಸ್ಟೆತಾಸ್ಕೋಪಿಗೆ ಕೈ ಹಾಕುವವರನ್ನು ತಡೆದು, ಕೈ ಹಿಂದೆ ಕಟ್ಟಿ ಸುಮ್ಮನೆ ನೋಡಲು ಹೇಳುತ್ತಿದ್ದರು. ಎದೆಯ ಎರಡೂ ಪಕ್ಕ ಸಮನಾಗಿ ಏಳುತ್ತಿದೆಯೇ? ಕತ್ತಿನ ರಕ್ತನಾಳ ಉಬ್ಬಿದೆಯೇ? ಉಗುರಿನ ಬಣ್ಣ ಏನು? ತಟ್ಟುವುದೆಂದರೆ ಸಂತೆಯಲ್ಲಿ ನಮ್ಮ ಅಜ್ಜಿಯರು ಮಡಕೆ ತಟ್ಟಿ ಬಿರುಕು ಕಂಡುಹಿಡಿಯುತ್ತಿದ್ದರಲ್ಲ, ಅದೇ ವಿದ್ಯೆ. ಗಾಳಿ ತುಂಬಿದ ಶ್ವಾಸಕೋಶದ ಸದ್ದೇ ಬೇರೆ, ನೀರು ತುಂಬಿದ ಎದೆಯ ಸದ್ದೇ ಬೇರೆ. ಇದನ್ನು ಪುಸ್ತಕದಲ್ಲಿ ಎಷ್ಟು ಓದಿದರೂ ಬೆರಳಿಗೆ ಬರುವುದಿಲ್ಲ. ಬೆರಳು ಎಲ್ಲಿ ಇಟ್ಟಿದ್ದಾನೆ, ಎಷ್ಟು ಜೋರಾಗಿ ಹೊಡೆಯುತ್ತಿದ್ದಾನೆ ಎಂದು ಪಕ್ಕದಲ್ಲಿ ನಿಂತವರು ನೋಡಿ ತಿದ್ದಬೇಕು.

ಬಾಲ್ಟಿಮೋರಿನಲ್ಲಿ ಆಗ ಟೈಫಾಯಿಡ್ ಮತ್ತು ಮಲೇರಿಯಾ ಎರಡೂ ಜೋರು. ಎರಡರಲ್ಲೂ ಜ್ವರ, ಎರಡರಲ್ಲೂ ಎಡಪಕ್ಕೆಲುಬಿನ ಕೆಳಗೆ ಗುಲ್ಮ ಊದಿಕೊಳ್ಳುತ್ತದೆ. ಊದಿದೆ ಎಂದವನು ಅಲ್ಲೇ ಬೆರಳಿಟ್ಟು ತೋರಿಸಬೇಕು. ಮಲೇರಿಯಾ ಎಂದವನು ರಕ್ತದ ಗಾಜಿನಪಟ್ಟಿಯಲ್ಲಿ ಪರಾವಲಂಬಿಯನ್ನು ಕಂಡಿರಬೇಕು. ತಪ್ಪಿದವನನ್ನು ಆಸ್ಲರ್ ಗದರುತ್ತಿರಲಿಲ್ಲ, ನಗಿಸಿ ತಿದ್ದುವುದು ಅವರ ರೀತಿ. ವಾರದ ತರಗತಿಯಲ್ಲಿ ಒಂದು ಕರಿಹಲಗೆ ಇರುತ್ತಿತ್ತು. ಆ ವರ್ಷ ಬಂದ ನ್ಯುಮೋನಿಯಾ ರೋಗಿಗಳೆಷ್ಟು, ಯಾರು ಗುಣವಾದರು, ಯಾರು ಸತ್ತರು ಎಲ್ಲ ಅದರ ಮೇಲೆ. ಸಾಫ್ಟ್‌ವೇರಿನ ನಮ್ಮ ಕಚೇರಿಗಳಲ್ಲಿ ದೋಷಗಳ ಪಟ್ಟಿಯನ್ನು ಗ್ರಾಹಕರಿಗೆ ಕಾಣದ ಹಾಗೆ ಇಡುವುದು ವಾಡಿಕೆ. ಇವರು ಸತ್ತವರ ಲೆಕ್ಕವನ್ನು ಕಲಿಯುವ ಹುಡುಗರ ಕಣ್ಣೆದುರು ಇಟ್ಟಿದ್ದರು.

ಇಲ್ಲಿಗೆ ಓದಿದಾಗ ಆ ಬಟನ್ ನೆನಪಾಗಿ ಎರಡು ದಿನ ಪುಸ್ತಕ ಮುಚ್ಚಿಟ್ಟೆ. ಅದನ್ನು ತೆಗೆಯೋಣವೆಂದು ಕಚೇರಿಯಲ್ಲಿ ಕೇಳಿದೆ. ಗ್ರಾಹಕರು ಒಪ್ಪುವುದಿಲ್ಲ ಎಂದರು. ಮೇಲ್ವಿಚಾರಕರನ್ನೂ ಸುಮ್ಮನೆ ದೂರುವಂತಿಲ್ಲ. ಒಬ್ಬ ವೈದ್ಯರ ಹಿಂದೆ ಎಷ್ಟು ವಿದ್ಯಾರ್ಥಿಗಳು, ಹೊರಗೆ ಎಷ್ಟುದ್ದ ರೋಗಿಗಳ ಸಾಲು ಎಂದು ನೋಡಿದವನು ನಾನೇ. ಆಸ್ಲರ್‌ಗೆ ಸಿಕ್ಕಿದ್ದು ಹದಿನೆಂಟು ಜನರ ತಂಡ. ಒಂದೇ ಸಲಕ್ಕೆ ಹತ್ತಕ್ಕಿಂತ ಹೆಚ್ಚು ಒಪ್ಪಿಗೆ ಕೊಡಲು ಆಗದ ಹಾಗೆ ಒಂದು ಮಿತಿ ಹಾಕಲು ಮಾತ್ರ ಅನುಮತಿ ಸಿಕ್ಕಿತು. ಈಗ ನಾನು ಆ ಕಂಪನಿಯಲ್ಲಿಲ್ಲ.

ಇನ್ನೊಂದು ಮಾತು. ಹಾಪ್ಕಿನ್ಸ್ ವಾರ್ಡುಗಳಲ್ಲಿ ವಿದ್ಯಾರ್ಥಿಗಳ ಕೈಗೆ ಮೈ ಕೊಟ್ಟವರು ಹೆಚ್ಚಾಗಿ ಬಡವರು. ಕಪ್ಪು ಜನರಿಗೆ ಬೇರೆಯೇ ವಾರ್ಡು. ಬೇಡ ಎನ್ನುವ ಧೈರ್ಯ ಅವರಲ್ಲಿ ಎಷ್ಟು ಜನಕ್ಕೆ ಇದ್ದೀತು? ವಿದ್ಯಾರ್ಥಿಗಳಿರುವ ಆಸ್ಪತ್ರೆಯಲ್ಲಿ ಕಣ್ಣುಗಳು ಹೆಚ್ಚು, ಆದ್ದರಿಂದ ರೋಗಿಗೆ ಆರೈಕೆಯೂ ಹೆಚ್ಚು ಎಂಬುದು ಆಸ್ಲರ್ ಅವರ ವಾದ. ಅದು ನಿಜವಿರಬಹುದು. ಆದರೂ ಆ ವಾದವನ್ನು ಮಾಡಿದವರು ಹಾಸಿಗೆಯ ಮೇಲೆ ಮಲಗಿದ್ದವರಲ್ಲ. ಅಪ್ಪನ ತೋಳಿನ ಮೇಲೆ ನೀಲಿಗಟ್ಟಿದ ಮೂರು ಗುರುತು ನೋಡಿದ ಮೇಲೆ ನನಗೆ ಇದನ್ನು ಬರೆಯದೆ ಬಿಡಲು ಆಗಲಿಲ್ಲ.

1892ರಲ್ಲಿ ಎರಡು ದೊಡ್ಡ ಸಂಗತಿ ನಡೆದವು. ಗ್ರೇಸ್ ರೆವಿಯರ್ ಗ್ರಾಸ್ ಎಂಬ ವಿಧವೆಯನ್ನು ಮದುವೆಯಾದರು. ಅವರ ವೈದ್ಯಕೀಯ ಪಠ್ಯಪುಸ್ತಕ ಹೊರಬಂತು, ದಶಕಗಳ ಕಾಲ ಜಗತ್ತಿನ ಇಂಗ್ಲಿಷ್ ಬಲ್ಲ ಡಾಕ್ಟರರೆಲ್ಲ ಅದನ್ನೇ ಓದಿದರು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ಮೂವರು ಗುರುಗಳ ನೆನಪಿಗೆ. ಬೊವೆಲ್, ಹೊವಾರ್ಡ್ ಇಬ್ಬರೂ ವೈದ್ಯಕೀಯದ ದೊಡ್ಡ ಪ್ರಾಧ್ಯಾಪಕರು. ಆದರೆ ಮೊದಲ ಹೆಸರು ಹಳ್ಳದ ನೀರು ತೋರಿಸಿದ ಹೈಸ್ಕೂಲು ಮೇಷ್ಟ್ರು ಜಾನ್ಸನ್ ಅವರದು.

ಶನಿವಾರ ಸಂಜೆ ಆಸ್ಲರ್ ಮನೆಗೆ ವಿದ್ಯಾರ್ಥಿಗಳು ಬರುತ್ತಿದ್ದರು. ವಾರ್ಡಿನಲ್ಲಿ ಆ ವಾರ ತಲೆ ಕೆಡಿಸಿದ ರೋಗಿಗಳ ಮಾತು, ಆಮೇಲೆ ಹಳೆಯ ವೈದ್ಯರ ಪುಸ್ತಕಗಳ ಮಾತು. ಪಕ್ಕದ ಮನೆಯಲ್ಲಿದ್ದ ಕಿರಿಯ ವೈದ್ಯರಿಗೆ ತಮ್ಮ ಮನೆಯ ಬೀಗದ ಕೈಯನ್ನೇ ಕೊಟ್ಟಿದ್ದರು, ಯಾವ ಹೊತ್ತಿಗಾದರೂ ಬಂದು ಪುಸ್ತಕ ನೋಡಲಿ ಎಂದು. ಹಾರ್ವೆ ಕುಶಿಂಗ್ ಎಂಬ ತರುಣ ಶಸ್ತ್ರವೈದ್ಯ ಅವರಲ್ಲೊಬ್ಬ.

1905ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕರೆ ಬಂದು ಇಂಗ್ಲೆಂಡಿಗೆ ಹೊರಟರು. ಬೀಳ್ಕೊಡುಗೆಯ ಭಾಷಣದಲ್ಲಿ ಅರವತ್ತು ದಾಟಿದ ಗಂಡಸರಿಂದ ಪ್ರಯೋಜನವಿಲ್ಲವೆಂದು, ಒಂದು ಕಾದಂಬರಿಯ ನೆಪದಲ್ಲಿ ಕ್ಲೋರೋಫಾರ್ಮಿನ ಹಾಸ್ಯ ಮಾಡಿದರು. ಪತ್ರಿಕೆಗಳು ಅದನ್ನು ನಿಜವೆಂದೇ ಅಚ್ಚು ಹಾಕಿ ರಂಪ ಮಾಡಿದವು. ಅರವತ್ತಕ್ಕೆ ನಿವೃತ್ತರಾದ ನಮ್ಮ ಶಾಲೆಯ ಗುರುಗಳು ಇದನ್ನು ಓದಿ ಬೇಸರ ಮಾಡಿಕೊಳ್ಳಬಾರದು. ಆಸ್ಲರ್ ಸ್ವತಃ ಕೊನೆಯ ತನಕ ಪಾಠ ಮಾಡುತ್ತಲೇ ಇದ್ದರು. 1910ರಲ್ಲಿ ಫ್ಲೆಕ್ಸ್‌ನರ್ ಎಂಬವರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಕಾಲೇಜುಗಳನ್ನು ನೋಡಿ ವರದಿ ಬರೆದಾಗ ಮಾದರಿಯಾಗಿ ಇಟ್ಟುಕೊಂಡದ್ದು ಹಾಪ್ಕಿನ್ಸನ್ನು. ಎಷ್ಟೋ ಕಾಲೇಜುಗಳು ಮುಚ್ಚಿದವು. 1911ರಲ್ಲಿ ಆಸ್ಲರ್‌ಗೆ ಸರ್ ಪದವಿ ಬಂತು.

ಅವರ ಮೊದಲ ಮಗು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಉಳಿದವನು ಒಬ್ಬನೇ, ರೆವಿಯರ್. ಮೊದಲ ಮಹಾಯುದ್ಧದಲ್ಲಿ ಅವನು ಮೊದಲು ಆಸ್ಪತ್ರೆಯ ಪಡೆಯಲ್ಲಿದ್ದ, ಆಮೇಲೆ ಫಿರಂಗಿ ದಳಕ್ಕೆ ಸೇರಿದ. 1917ರ ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಂನ ಈಪ್ರ ಬಳಿ ಶೆಲ್ ಸಿಡಿದು ಗಾಯಗೊಂಡ. ಆ ರಾತ್ರಿ ಅವನ ಹಾಸಿಗೆಯ ಪಕ್ಕ ನಿಂತವರು ತಂದೆಗೆ ಗೊತ್ತಿದ್ದ ಅಮೆರಿಕದ ಶಸ್ತ್ರವೈದ್ಯರು. ಬೀಗದ ಕೈ ಪಡೆದಿದ್ದ ಹಾರ್ವೆ ಕುಶಿಂಗ್ ಅವರಲ್ಲಿದ್ದ. ಅವರ ಕೈಯಲ್ಲಾದದ್ದನ್ನೆಲ್ಲ ಮಾಡಿದರು. ಆಗಸ್ಟ್ 30ರ ಬೆಳಿಗ್ಗೆ ರೆವಿಯರ್ ತೀರಿಕೊಂಡ. ಅವನಿಗೆ ಇಪ್ಪತ್ತೊಂದು ವರ್ಷ.

ಆಮೇಲೆ ಆಸ್ಲರ್ ಎರಡು ವರ್ಷ ಬದುಕಿದರು. ಹಗಲು ಎಲ್ಲರೊಡನೆ ನಗುತ್ತಲೇ ಇದ್ದು, ರಾತ್ರಿ ಅಳುತ್ತಿದ್ದರಂತೆ. 1919ರ ಚಳಿಗಾಲದಲ್ಲಿ ಶ್ವಾಸಕೋಶದ ಸೋಂಕು ಹಿಡಿಯಿತು. ಸಾವಿರಾರು ಎದೆಗಳನ್ನು ತಟ್ಟಿ ನೋಡಿದವರಿಗೆ ತಮ್ಮ ಎದೆಯೊಳಗೆ ಏನಾಗುತ್ತಿದೆ ಎಂಬುದು ತಿಳಿದೇ ಇತ್ತು. ಡಿಸೆಂಬರ್ 29ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಶವಪರೀಕ್ಷೆಯೂ ನಡೆಯಿತು. ಕುಶಿಂಗ್ ಬರೆದ ಆಸ್ಲರ್ ಜೀವನಚರಿತ್ರೆ 1925ರಲ್ಲಿ ಬಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಸಮಾಧಿಯ ಕಲ್ಲಿನ ಮೇಲೆ ಬೇರೇನೂ ಬೇಡ, ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದವನು ಎಂದಿದ್ದರೆ ಸಾಕು ಎಂಬುದು ಅವರ ಆಸೆಯಾಗಿತ್ತು. ಅಂಥ ಕಲ್ಲಿನ ಸಮಾಧಿ ಆಗಲಿಲ್ಲ. ಜೀವಮಾನವಿಡೀ ಕೂಡಿಟ್ಟ ಏಳೂವರೆ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ತಾವು ಓದಿದ ಮೆಕ್‌ಗಿಲ್‌ಗೆ ಬರೆದಿಟ್ಟಿದ್ದರು. 1929ರಲ್ಲಿ ಆ ಗ್ರಂಥಾಲಯ ತೆರೆಯಿತು. ಅವರ ಚಿತಾಭಸ್ಮ ಅಲ್ಲಿ, ಆ ಪುಸ್ತಕಗಳ ನಡುವೆಯೇ ಇದೆ.